ಸಾಲಾಲ್ ಕಣಿವೆಯಲ್ಲಿ ನೀರಿಗೆ ಲೈಸೆನ್ಸ್ ಬಂದದ್ದು

ನೀರು ಒಂದು ದ್ರಾವಕವೆಂದೂ, ಆದಕಾರಣ ಅಪಾಯಕಾರಿಯೆಂದೂ ನಮ್ಮ ಕೌಂಟಿಯಲ್ಲಿ ಅಧಿಕೃತವಾಗಿ ಘೋಷಣೆಯಾದದ್ದು ಸಾಲಾಲ್ ಕಣಿವೆಯ ನಿವಾಸಿ ಎಲ್ಡನ್ ಪ್ರಾಥರ್ ಅವರ ಮನವಿಯ ಮೇರೆಗೆ. ಇದರಲ್ಲಿ ಕೌಂಟಿಯ ತಪ್ಪೇನೂ ಇಲ್ಲ. ಕೌಂಟಿ ಕೇಳಿಸಿಕೊಂಡಿತು, ಅಷ್ಟೆ. ಸರ್ಕಾರ ನಮ್ಮ ಮಾತು ಕೇಳುವುದಿಲ್ಲ ಎಂದು ನಾವು ಕಣಿವೆಯವರು ಬಹುಕಾಲದಿಂದ ದೂರುತ್ತಿದ್ದೆವು. ಕೇಳಿದರೆ ಏನಾಗುತ್ತದೆ ಎಂಬುದು ನಮಗೆ ಗೊತ್ತಿರಲಿಲ್ಲ.

ಎಲ್ಡನ್ ಅರವತ್ತು ದಾಟಿದ ಮನುಷ್ಯ. ಯೌವನವನ್ನೆಲ್ಲ ರೆಡ್‌ವುಡ್ ಮರಗಳ ಮರೆಯಲ್ಲಿ ಗಾಂಜಾ ಬೆಳೆಯುತ್ತ, ಪೊಲೀಸರ ಹೆಲಿಕಾಪ್ಟರ್ ಸದ್ದು ಕೇಳಿದೊಡನೆ ಪೊದೆಗೆ ಹಾರುತ್ತ ಕಳೆದವನು. ಆಗೆಲ್ಲ ಅವನಿಗೆ ಹೆಸರಿರಲಿಲ್ಲ. ಇದ್ದರೂ ಯಾರಿಗೂ ಹೇಳುತ್ತಿರಲಿಲ್ಲ. ಗಾಂಜಾ ಕಾನೂನುಬದ್ಧವಾದ ಮೇಲೆ ಹೆಸರು, ವಿಳಾಸ, ಲೈಸೆನ್ಸು, ಜೊತೆಗೆ ಕಣಿವೆಯ ಶುದ್ಧಸಾರ ತಯಾರಕರ ಸಂಘದ ಅಧ್ಯಕ್ಷಗಿರಿ ಎಲ್ಲವೂ ಒಟ್ಟಿಗೇ ಬಂದವು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಎಲ್ಡನ್ ಹಿಡಿದದ್ದು ರಬ್ಬರ್ ಸ್ಟಾಂಪು. ಹೆಂಡತಿ ರೊವೀನಾ ದಿನಸಿ ಚೀಟಿ ಬರೆದಿಟ್ಟರೆ ಅದಕ್ಕೂ ಒಂದು ಮುದ್ರೆ ಒತ್ತುತ್ತಿದ್ದ.

ಅವನ ಸರಕು ಚೆನ್ನಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಹೂವನ್ನು ಹಸಿಯಾಗಿರುವಾಗಲೇ ಫ್ರೀಜರಿನಲ್ಲಿಟ್ಟು ಕಲ್ಲಾಗಿಸಿ, ಮಂಜುಗಡ್ಡೆ ತುಂಬಿದ ನೀರಿನಲ್ಲಿ ಮೆಲ್ಲಗೆ ಕಲಕಿದರೆ, ಹೂವಿನ ಮೇಲಿನ ಅಂಟುಹರಳುಗಳು ಉದುರಿ ತಳ ಸೇರುತ್ತವೆ. ಅವನ್ನು ಸೋಸಿ, ಒಣಗಿಸಿ, ಎರಡು ಬಿಸಿ ಫಲಕಗಳ ನಡುವೆ ಒತ್ತಿದರೆ ಜೇನಿನ ಬಣ್ಣದ ರಾಳ ಸೋರುತ್ತದೆ. ಬೇರೆಯವರು ಗ್ಯಾಸಿನಲ್ಲೋ ಆಲ್ಕೋಹಾಲಿನಲ್ಲೋ ಹೂವನ್ನು ಕರಗಿಸಿ ಸಾರ ತೆಗೆಯುತ್ತಾರೆ. ಎಲ್ಡನ್ ಅವೇನನ್ನೂ ಮುಟ್ಟುವವನಲ್ಲ. “ನಮ್ಮದು ದ್ರಾವಕರಹಿತ” ಎನ್ನುತ್ತಿದ್ದ, ಹೊಸದಾಗಿ ಮಾಂಸ ಬಿಟ್ಟವರು ಊಟದ ಮೇಜಿನಲ್ಲಿ ಮಾತಾಡುವ ಧಾಟಿಯಲ್ಲಿ.

ಕಷ್ಟವಿದ್ದದ್ದು ತುಂಬುವುದರಲ್ಲಿ. ಈಗಿನವರು ಸುತ್ತಿ ಸೇದುವುದಿಲ್ಲ. ಜೇಬಿನಲ್ಲಿಡುವ ಪೆನ್ನಿನಂಥ ಸಾಧನ ಬೇಕು, ಅದಕ್ಕೊಂದು ಗಾಜಿನ ರೀಫಿಲ್ಲು ಬೇಕು, ರೀಫಿಲ್ಲಿನೊಳಗೆ ರಾಳ ಬೇಕು. ಎಲ್ಡನ್ ಇದಕ್ಕಾಗಿ ಯಾರೋ ಬಳಸಿ ಬಿಟ್ಟಿದ್ದ, ಸಾಲಾಗಿ ಸೂಜಿಗಳಿದ್ದ ಒಂದು ಯಂತ್ರ ತಂದಿದ್ದ. ಬಿಸಿ ಹೆಚ್ಚಾದರೆ ರಾಳ ಕಪ್ಪಾಗುತ್ತಿತ್ತು. ಕಡಿಮೆಯಾದರೆ ಮಾವನ ಮನೆಗೆ ಬಂದ ಅಳಿಯನ ಹಾಗೆ ಸೂಜಿಯ ಬಾಯಲ್ಲೇ ಕೂತು, ಏನು ಮಾಡಿದರೂ ಏಳುತ್ತಿರಲಿಲ್ಲ. ಆಗ ರೊವೀನಾ ಕೂದಲು ಒಣಗಿಸುವ ಡ್ರೈಯರ್ ತಂದು ಸೂಜಿಗಳಿಗೆ ಗಾಳಿ ಹಿಡಿಯಬೇಕಿತ್ತು.

“ನನ್ನ ತಲೆಗೆ ಈ ಡ್ರೈಯರ್ ಹಿಡಿದು ಯಾವ ಕಾಲವಾಯ್ತೋ,” ಎನ್ನುತ್ತಿದ್ದಳು ಅವಳು. “ನಿನ್ನ ಸೂಜಿಗೆ ಮಾತ್ರ ದಿನಾ ಕ್ಷೌರದಂಗಡಿ ಭೋಗ.”

“ಶುದ್ಧವಾದದ್ದು ಸುಲಭವಾಗಿ ಹರಿಯಲ್ಲ, ರೊವೀನಾ.”

“ಅದು ಗೊತ್ತು. ನಿನ್ನ ಜೊತೆ ಬಾಳ್ತಾ ಇಲ್ವಾ?”

ಇಂಥ ಹೊತ್ತಿನಲ್ಲಿ ಗಾರ್ತ್ ಸ್ಪರ್ಲಾಕ್ ಎಂಬವನು ಫ್ರೆಸ್ನೋ ಕಡೆಯಿಂದ ಬಂದು, ಹೊಳೆಯ ಆಚೆ ದಂಡೆಯಲ್ಲಿ ಬಿಳಿಯ ಶೆಡ್ಡು ಕಟ್ಟಿದ. ಅಲ್ಲಿಯವರೆಗೆ ಅವನು ಈಜುಕೊಳಗಳಿಗೆ ಹಾಕುವ ಕ್ಲೋರಿನ್ ಮಾರುತ್ತಿದ್ದನಂತೆ. ಊರವರನ್ನೆಲ್ಲ ಕರೆದು ಬಾರ್ಬೆಕ್ಯೂ ತಿನ್ನಿಸಿ ತನ್ನ ತುಂಬುವ ಯಂತ್ರ ತೋರಿಸಿದ. ಹಿಡಿ ಎಳೆದರೆ ನೂರು ಸೂಜಿಗಳು ಒಟ್ಟಿಗೇ ಇಳಿದು, ನೂರು ರೀಫಿಲ್ಲುಗಳು ಒಟ್ಟಿಗೇ ತುಂಬಿ, ನೂರು ಸೂಜಿಗಳು ಒಟ್ಟಿಗೇ ಮೇಲೆದ್ದವು. ಎಲ್ಡನ್ ಕೈಯಲ್ಲಿದ್ದ ಸುಟ್ಟ ಪಕ್ಕೆಲುಬಿನ ತುಂಡು ಬಾಯಿಗೆ ಹೋಗದೆ ಹಾಗೇ ನಿಂತಿತು.

“ಇದು ಹೇಗಪ್ಪಾ ಇಷ್ಟು ಸಲೀಸಾಗಿ ಹರಿಯುತ್ತೆ?”

“ಪ್ರೀತಿಯಿಂದ ನೋಡ್ಕೋತೀನಿ, ಪ್ರಾಥರ್. ಹರಿಯುತ್ತೆ,” ಎಂದ ಸ್ಪರ್ಲಾಕ್. ಅವನ ರೀಫಿಲ್ಲಿನ ಮೇಲೂ ‘ದ್ರಾವಕರಹಿತ’ ಎಂದೇ ಅಚ್ಚಾಗಿತ್ತು, ಎಲ್ಡನ್‌ನದಕ್ಕಿಂತ ದೊಡ್ಡ ಅಕ್ಷರದಲ್ಲಿ.

ಮನೆಗೆ ಬಂದ ಎಲ್ಡನ್ ಅಂಗಿ ಬಿಚ್ಚಲಿಲ್ಲ, ಕೂರಲಿಲ್ಲ. “ಏನೋ ಬೆರೆಸ್ತಿದಾನೆ ಕಣೆ ಅವನು. ತೆಳ್ಳಗೆ ಮಾಡೋಕೆ ಏನೋ ಹಾಕ್ತಿದಾನೆ.”

“ಹಾಕ್ತಿರಬಹುದು. ಅದಕ್ಕೆ?”

“ಅದಕ್ಕೆ ಒಂದು ನಿಯಮ ಬೇಕು.”

ಮೂವತ್ತು ವರ್ಷ ನಿಯಮದಿಂದ ಓಡಿದವನ ಬಾಯಲ್ಲಿ ಈ ಮಾತು ಕೇಳಿ ರೊವೀನಾ ಅವನ ಹಣೆ ಮುಟ್ಟಿ ನೋಡಿದಳು. ಜ್ವರವಿರಲಿಲ್ಲ.

ಕೌಂಟಿಯ ಸಾರ ಮತ್ತು ದ್ರಾವಕ ವಿಭಾಗದ ಮುಖ್ಯಸ್ಥೆ ಒಫೀಲಿಯಾ ಬರಾಗಾನ್ ಎಂಬವರು. ಧ್ವನಿ ಏರಿಸದ, ಯಾರ ಮೇಲೂ ಹಗೆಯಿಲ್ಲದ, ಬರೆದದ್ದನ್ನು ಬರೆದ ಹಾಗೆಯೇ ಓದುವ ಹೆಂಗಸು. ಎಲ್ಡನ್‌ನ ದೂರನ್ನು ಪೂರ್ತಿ ಕೇಳಿಸಿಕೊಂಡು, ತಮ್ಮ ಊಟದ ಡಬ್ಬಿಯಿಂದ ಅವನಿಗೂ ಮೆಕ್ಕೆಜೋಳದ ಕಡುಬಿನಂಥ ಒಂದು ತಮಾಲೆ ಕೊಟ್ಟು, ಹೇಳಿದರು: “ಪ್ರಾಥರ್ ಅವರೇ, ದ್ರಾವಕ ಅಂದ್ರೆ ಏನು ಅಂತ ನಮ್ಮ ನಿಯಮಗಳಲ್ಲಿ ಎಲ್ಲೂ ಹೇಳಿಲ್ಲ. ನೀವೇ ಬರೆದು ಕೊಡಿ.”

“ನಾನಾ?”

“ಉದ್ಯಮದವರಿಂದಲೇ ಬರಲಿ ಅನ್ನೋದು ನಮ್ಮ ನೀತಿ. ಆಮೇಲೆ ನಮ್ಮನ್ನ ಬೈಯೋ ಹಾಗಿಲ್ಲ ನೋಡಿ.”

ಎಲ್ಡನ್ ವಾರವಿಡೀ ಅಡುಗೆಮನೆಯ ಮೇಜಿನ ಮುಂದೆ ಕೂತು ಬರೆದ. ಕೊನೆಗೆ ಸಿದ್ಧವಾದದ್ದು ಹೀಗಿತ್ತು:

‘ದ್ರಾವಕ ಎಂದರೆ ಇನ್ನೊಂದು ವಸ್ತುವನ್ನು ತನ್ನೊಳಗೆ ಕರಗಿಸಿಕೊಳ್ಳಬಲ್ಲ ಯಾವುದೇ ದ್ರವ, ಅದು ಎಷ್ಟೇ ಸಾಮಾನ್ಯವಾಗಿರಲಿ, ಎಷ್ಟೇ ನಿರಪಾಯಕಾರಿಯಾಗಿ ಕಾಣಲಿ, ಎಷ್ಟೇ ತಲೆಮಾರುಗಳಿಂದ ಬಳಕೆಯಲ್ಲಿರಲಿ. ಇದಕ್ಕೆ ಯಾವುದೇ ವಿನಾಯಿತಿ ಇರತಕ್ಕದ್ದಲ್ಲ.’

ರೊವೀನಾ ಕನ್ನಡಕ ಏರಿಸಿಕೊಂಡು ಓದಿದಳು. “‘ಯಾವುದೇ ದ್ರವ’ ಅಂತ ಬರೆದಿದೀಯಲ್ಲ.”

“ಹೂಂ ಮತ್ತೆ. ಸ್ಪರ್ಲಾಕ್ ನುಸುಳೋಕೆ ಸಂದಿ ಇರಬಾರದು.”

“ಒಂದು ಸಂದಿ ಬಿಟ್ಟಿರು, ಎಲ್ಡನ್. ನಾಳೆ ನಿನಗೂ ಬೇಕಾಗಬಹುದು.”

“ಪ್ರಾಮಾಣಿಕರಿಗೆ ಸಂದಿ ಯಾಕೆ?” ಎಂದು ಎಲ್ಡನ್ ಮುದ್ರೆ ಒತ್ತಿದ.

ಕೌಂಟಿ ಮಂಡಳಿ ಅದನ್ನು ಊಟಕ್ಕೆ ಏಳುವ ಮೊದಲೇ ಸರ್ವಾನುಮತದಿಂದ ಅಂಗೀಕರಿಸಿತು. ಸಭೆಯಲ್ಲಿದ್ದ ನಾವೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದೆವು. ನಮ್ಮಲ್ಲಿ ಮುಕ್ಕಾಲು ಜನ ಹೊಳೆಯ ನೀರಿನಲ್ಲೇ ಹೂ ಕಲಕಿ ಹೊಟ್ಟೆ ಹೊರೆಯುವವರು ಎಂಬುದು ಚಪ್ಪಾಳೆಯ ಸದ್ದಿನಲ್ಲಿ ಯಾರಿಗೂ ನೆನಪಾಗಲಿಲ್ಲ.

ಹೊಸ ನಿಯಮದಡಿ ಮೊದಲ ತಪಾಸಣೆಯ ಗೌರವ ಮನವಿ ಸಲ್ಲಿಸಿದವರಿಗೇ ಸಲ್ಲತಕ್ಕದ್ದು ಎಂದು ವಿಭಾಗ ತೀರ್ಮಾನಿಸಿತು. ಬರಾಗಾನ್ ಅವರು ರಬ್ಬರ್ ಬೂಟು ತೊಟ್ಟು ಬಂದರು. ಎಲ್ಡನ್ ಗಡ್ಡ ಬಾಚಿಕೊಂಡು ಬಾಗಿಲಲ್ಲಿ ನಿಂತಿದ್ದ. ರೊವೀನಾ ಕಾಫಿ ಕೊಟ್ಟಳು. ಬರಾಗಾನ್ ಒಂದು ಕೈಯಲ್ಲಿ ಕಾಫಿ ಹಿಡಿದು, ಹೂ ಕಲಕುವ ದೊಡ್ಡ ಸ್ಟೀಲ್ ತೊಟ್ಟಿಯೊಳಗೆ ಬಗ್ಗಿ ನೋಡಿದರು.

“ಇದರಲ್ಲಿ ಏನಿದೆ?”

“ನೀರು ಮೇಡಂ.”

“ನೀರು ಏನು ಮಾಡುತ್ತೆ?”

“ಏನೂ ಮಾಡಲ್ಲ. ಸುಮ್ನೆ ಇರುತ್ತೆ. ಅದೇ ನಮ್ಮ ಹೆಚ್ಚುಗಾರಿಕೆ.”

ಬರಾಗಾನ್ ಒಂದು ಚಮಚ ಸಕ್ಕರೆ ಕೇಳಿ ಕಾಫಿಗೆ ಹಾಕಿಕೊಂಡರು. ಕಲಕಿದರು. ಲೋಟವನ್ನು ಎಲ್ಡನ್ ಮುಂದೆ ಹಿಡಿದರು. “ಸಕ್ಕರೆ ಎಲ್ಲಿ ಹೋಯ್ತು, ಪ್ರಾಥರ್ ಅವರೇ?”

ಎಲ್ಡನ್ ಲೋಟ ನೋಡಿದ. ರೊವೀನಾಳನ್ನು ನೋಡಿದ. “ಕರಗಿದೆ.”

“ಯಾತರಲ್ಲಿ?”

ಎಲ್ಡನ್‌ನ ಕಣ್ಣು ತೊಟ್ಟಿಯ ಕಡೆ ಹೋಯಿತು. ಬರಾಗಾನ್ ಬರೆದುಕೊಂಡರು.

“ಮೇಡಂ, ಅದು ಬರೀ ನೀರೂ ಅಲ್ಲ, ಹೆಚ್ಚಿನ ಪಾಲು ಮಂಜುಗಡ್ಡೆ! ದ್ರವವೇ ಅಲ್ಲ!”

“ಮಂಜುಗಡ್ಡೆ ಅಂದ್ರೆ ದಾಸ್ತಾನು ಮಾಡಿಟ್ಟ ದ್ರಾವಕ. ಅದಕ್ಕೆ ಬೇರೆ ಅನುಮತಿ ಬೇಕು,” ಎಂದು ಬರಾಗಾನ್ ಅದನ್ನೂ ಬರೆದುಕೊಂಡು, ತುಂಬುವ ಯಂತ್ರದ ಪಕ್ಕದಲ್ಲಿದ್ದ ಬಾಟಲಿ ಎತ್ತಿದರು. “ಇದು?”

“ಆಲ್ಕೋಹಾಲು,” ಎಂದ ಎಲ್ಡನ್, ಕುಗ್ಗಿದ ದನಿಯಲ್ಲಿ. “ಸೂಜಿ ಕಟ್ಟಿಕೊಂಡಾಗ ಒರೆಸೋಕೆ.”

“ಅಂದ್ರೆ ಶುಚಿಗೊಳಿಸುವ ವಸ್ತು. ಅದು ನಮ್ಮ ವಿಭಾಗಕ್ಕೆ ಬರಲ್ಲ. ಇಟ್ಕೊಳ್ಳಿ.”

ರೊವೀನಾ ಚುರುಕಾಗಿ ಮುಂದೆ ಬಂದಳು. “ಹಾಗಾದ್ರೆ ಈ ನೀರೂ ಅದೇ ಅಲ್ವಾ ಮೇಡಂ? ಹೂವನ್ನ ತೊಳೀತೀವಿ, ಅಷ್ಟೇ. ಶುಚಿ ಮಾಡ್ತೀವಿ.”

ಬರಾಗಾನ್ ಅವರ ಪೆನ್ನು ನಿಂತಿತು. ಅವರ ಮುಖದಲ್ಲಿ ನಿಜವಾದ ಸಮಾಧಾನ ಮೂಡಿತು. ಅವರಿಗೂ ಈ ಮುದುಕ ದಂಪತಿಯನ್ನು ಕಷ್ಟಕ್ಕೆ ಸಿಲುಕಿಸುವ ಮನಸ್ಸಿರಲಿಲ್ಲ. “ಹೂ ಶುಚಿ ಮಾಡೋದಕ್ಕಾ? ಹಾಗಂತ ಬರೀಲಾ?”

“ಏನು? ಶುಚಿಯಾ?” ಎಲ್ಡನ್‌ನ ಕುತ್ತಿಗೆ ಕೆಂಪೇರಿತು. “ನನ್ನ ಹೂವಲ್ಲಿ ಕೊಳೆ ಎಲ್ಲಿದೆ ಮೇಡಂ? ನಲವತ್ತು ವರ್ಷದಿಂದ ಬೆಳೀತಿದೀನಿ, ನನ್ನ ಹೂವನ್ನ ತೊಳೀಬೇಕು ಅಂತ ಇವತ್ತಿನವರೆಗೆ ಯಾರೂ ಅಂದಿಲ್ಲ!”

“ಎಲ್ಡನ್, ಸುಮ್ನಿರು.”

“ಇಲ್ಲ ರೊವೀನಾ, ಬರ್ಕೊಳ್ಳಲಿ! ಪ್ರಾಥರ್‌ನ ಹೂವಿಗೆ ಶುಚಿಯ ಅಗತ್ಯವಿಲ್ಲ ಅಂತ ಬರ್ಕೊಳ್ಳಿ!”

ಬರಾಗಾನ್ ನಿಟ್ಟುಸಿರು ಬಿಟ್ಟು ಬರೆದುಕೊಂಡರು.

ಇದಾದ ಮೇಲೆ ಎಲ್ಲವೂ ಕ್ರಮಬದ್ಧವಾಗಿ ನಡೆಯಿತು. ಪ್ರಾಥರ್ ಶೆಡ್ಡಿನ ಬಾಗಿಲಿಗೆ ‘ಈ ಕಟ್ಟಡದಲ್ಲಿ ದ್ರಾವಕವಿದೆ’ ಎಂಬ ಕೆಂಪು ಫಲಕ ಬಿತ್ತು. ನೀರಿನ ತೊಟ್ಟಿಯನ್ನು ಸ್ಫೋಟ ತಡೆಯುವ ಗಾಜಿನ ಕೋಣೆಯಲ್ಲಿಡಬೇಕಾಯಿತು. ಅದರ ಬಳಿ ಬೆಂಕಿಕಡ್ಡಿ ಗೀರಕೂಡದು, ಕಿಡಿ ಹಾರೀತೆಂದು ಉಣ್ಣೆಯ ಅಂಗಿ ತೊಡಕೂಡದು, ಒಬ್ಬರೇ ಇರಕೂಡದು. ನೀರು ಕುಡಿದ ಕೆಲಸಗಾರರು ತಮ್ಮ ಮೇಲಧಿಕಾರಿಗೆ ತಿಳಿಸಬೇಕು. ಅಲ್ಲಿ ಕೆಲಸಗಾರಳೂ ರೊವೀನಾ, ಮೇಲಧಿಕಾರಿಯೂ ರೊವೀನಾ ಆದ್ದರಿಂದ ಅವಳು ಆಗಾಗ ತನಗೆ ತಾನೇ ತಿಳಿಸಿಕೊಳ್ಳುತ್ತಿದ್ದಳು. ದ್ರಾವಕದ ಆವಿ ಪತ್ತೆಹಚ್ಚುವ ಗಂಟೆಯನ್ನೂ ಗೋಡೆಗೆ ಹೊಡೆದರು. ನಮ್ಮ ಕಣಿವೆ ಕಡಲಿಗೆ ಹತ್ತಿರ. ಬೆಳಗಾದರೆ ಮಂಜು ಮುಸುಕುವ ಜಾಗ. ಗಂಟೆ ಹೊಡೆಯಲು ಶುರುಮಾಡಿದ್ದು ನಿಲ್ಲಲೇ ಇಲ್ಲ.

ಬರಾಗಾನ್ ಬಂದು ನೋಡಿದರು. “ಆವಿ ಹೊರಗಿನಿಂದ ಬರ್ತಿದೆ, ಪ್ರಾಥರ್ ಅವರೇ. ಪಶ್ಚಿಮದ ಕಡೆ ನಿಮ್ಮ ನೆರೆಯವರು ಯಾರು?”

“ಪೆಸಿಫಿಕ್ ಸಾಗರ.”

“ಲೈಸೆನ್ಸ್ ಇದೆಯಾ?”

“ವಿಚಾರಿಸಿಲ್ಲ ಮೇಡಂ.”

“ವಿಚಾರಿಸಿ.”

ಮರುದಿನ ಒಡೆಸ್ಸಾ ಫಿಚ್ ಬಂದಳು. ಎಪ್ಪತ್ತರ ಮುದುಕಿ, ಕಣಿವೆಯ ಸ್ವಯಂಸೇವಕ ಅಗ್ನಿಶಾಮಕ ದಳದ ಕ್ಯಾಪ್ಟನ್. ಉಳಿದ ಹೊತ್ತಿನಲ್ಲಿ ಹಳೆಯ ವಾಷಿಂಗ್ ಮೆಷಿನ್ ಒಂದರಲ್ಲಿ ಹೂ ಕಲಕುವವಳು. ಲಾರಿಯಿಂದ ಇಳಿಯುತ್ತಲೇ ಕೂಗಿದಳು: “ಲೋ ಎಲ್ಡನ್! ಈಚೆ ಬಾರೋ ಅಧ್ಯಕ್ಷ!”

ಎಲ್ಡನ್ ಬಂದ.

“ನಿನ್ನ ಗಾಜಿನ ಕೋಣೆಗೆ ಬೆಂಕಿ ಬಿದ್ರೆ ನಾನು ಏನು ಹಾಕ್ಲಿ, ಅದನ್ನ ಹೇಳು.”

“ನೀರು.”

“ದ್ರಾವಕದ ಕೋಣೆಗೆ ದ್ರಾವಕ ಹಾಕ್ತೀಯಾ? ಬರಾಗಾನ್ ಬಿಡ್ತಾರಾ? ನನ್ನ ಲಾರಿಯ ಟ್ಯಾಂಕಲ್ಲಿ ಏನಿದೆ ಗೊತ್ತಲ್ಲ. ನಿನ್ನೆ ನೋಟಿಸ್ ಬಂತು. ಅಗ್ನಿಶಾಮಕ ಲಾರಿಯ ಮೇಲೆ ‘ಬೆಂಕಿಯಿಂದ ದೂರವಿಡಿ’ ಅಂತ ಬರೆಸಬೇಕಂತೆ.”

ಎಲ್ಡನ್ ಲಾರಿಯ ಕಡೆ ನೋಡಿದ. ಆಗಲೇ ಬರೆಸಿಯಾಗಿತ್ತು.

“ನನ್ನ ವಾಷಿಂಗ್ ಮೆಷಿನ್ನಿಗೂ ಕೆಂಪು ಬೋರ್ಡು ಬಂದಿದೆ,” ಎಂದಳು ಒಡೆಸ್ಸಾ. ಈಗ ಅವಳ ದನಿಯಲ್ಲಿ ಬೈಗುಳವಿರಲಿಲ್ಲ. ಅದೇ ಎಲ್ಡನ್‌ಗೆ ಹೆಚ್ಚು ಚುಚ್ಚಿತು. “ಹೊಳೆಯ ಆಚೀಚೆ ಇರೋ ಎಲ್ಲರ ಮನೆಗೂ ಬಂದಿದೆ. ಗಾಜಿನ ಕೋಣೆ ಕಟ್ಟಿಸೋ ತ್ರಾಣ ನಮಗಿಲ್ಲ ಕಣೋ. ಹೆಲಿಕಾಪ್ಟರ್‌ನಿಂದ ತಪ್ಪಿಸ್ಕೊಂಡ್ವಿ. ನಿನ್ನಿಂದ ತಪ್ಪಿಸ್ಕೊಳ್ಳೋಕೆ ಆಗ್ಲಿಲ್ಲ.”

ಸ್ಪರ್ಲಾಕ್‌ನ ಶೆಡ್ಡಿನ ತಪಾಸಣೆಯೂ ಕಾನೂನಿನಂತೆಯೇ ನಡೆಯಿತು. ಅವನು ನೀರು ಮುಟ್ಟುತ್ತಲೇ ಇರಲಿಲ್ಲ. ಒಣಹೂವನ್ನೇ ಒತ್ತಿ ರಾಳ ತೆಗೆಯುತ್ತಿದ್ದ. ಯಂತ್ರದ ಪಕ್ಕದಲ್ಲಿ ಒಂದು ಪೀಪಾಯಿ ಇತ್ತು. ಇದೇನೆಂದು ಬರಾಗಾನ್ ಕೇಳಿದಾಗ ಸ್ಪರ್ಲಾಕ್, “ಶುಚಿಗೊಳಿಸುವ ವಸ್ತು ಮೇಡಂ. ರೀಫಿಲ್ಲನ್ನ ಒಳಗಿನಿಂದ ಶುಚಿ ಮಾಡುತ್ತೆ,” ಎಂದ.

“ಶುಚಿಯಾದ ಮೇಲೆ ತೆಗೀತೀರಾ?”

“ಶುಚಿ ಅನ್ನೋದು ಒಂದು ದಿನದ ಕೆಲಸವಲ್ಲ ಮೇಡಂ. ಅಲ್ಲೇ ಬಿಡ್ತೀನಿ.”

ಶುಚಿಗೊಳಿಸುವ ವಸ್ತು ವಿಭಾಗದ ವ್ಯಾಪ್ತಿಗೆ ಬರುವುದಿಲ್ಲವೆಂದು ಪ್ರಾಥರ್ ಪ್ರಕರಣದಲ್ಲಿ ಈಗಾಗಲೇ ಇತ್ಯರ್ಥವಾಗಿತ್ತು. ಸ್ಪರ್ಲಾಕ್ ಪಾಸಾದ. ಮರುವಾರವೇ ಹೆದ್ದಾರಿಯ ತಿರುವಿನಲ್ಲಿ ದೊಡ್ಡ ಜಾಹೀರಾತು ಎದ್ದಿತು: ‘ಸ್ಪರ್ಲಾಕ್ ರಾಳ. ಒಂದೇ ಒಂದು ಹನಿ ನೀರಿಲ್ಲ.’

ಪಟ್ಟಣದ ಅಂಗಡಿಗಳು ಎಲ್ಡನ್‌ನ ಸರಕು ವಾಪಸು ಕಳಿಸತೊಡಗಿದವು. ಅವನೇ ಒಂದು ಅಂಗಡಿಗೆ ಹೋಗಿ ಕಾರಣ ಕೇಳುತ್ತ ನಿಂತಿದ್ದಾಗ, ಒಬ್ಬ ಹೆಂಗಸು ಅವನ ರೀಫಿಲ್ಲನ್ನು ಕೈಗೆತ್ತಿಕೊಂಡು, ಹೊರಳಿಸಿ ನೋಡಿ, ಇಟ್ಟುಬಿಟ್ಟಳು. “ಇದರಲ್ಲಿ ನೀರು ಬಳಸಿದಾರಂತಲ್ಲ. ಬೇಡಪ್ಪ, ಮಕ್ಕಳಿರೋ ಮನೆ ನಮ್ಮದು.”

ಆ ಮಧ್ಯಾಹ್ನ ಎಲ್ಡನ್ ಫ್ರೀಜರಿನ ಮುಂದೆ ಬಕೆಟ್ ಬೋರಲು ಹಾಕಿಕೊಂಡು ಕೂತ. ವರ್ಷದ ಹೂವೆಲ್ಲ ಅದರೊಳಗಿತ್ತು. ಚಳಿಗಾಲ ಕಳೆಯುವುದರೊಳಗೆ ಕಲಕದಿದ್ದರೆ ಅದರ ಪರಿಮಳ ಸಾಯುತ್ತದೆ. ಮತ್ತೆ ಅದು ಬರೀ ಹುಲ್ಲು. ರೊವೀನಾ ಪಕ್ಕದಲ್ಲಿ ನಿಂತು ಅವನ ತಲೆಯ ಮೇಲೆ ಕೈಯಿಟ್ಟಳು.

“ನೋಡು, ಮೂವತ್ತು ವರ್ಷ ಗಿಡಕ್ಕೆ ನಿಷೇಧ ಇತ್ತು, ನೀರು ಪುಕ್ಕಟೆ. ಈಗ ಗಿಡ ಪರವಾಗಿಲ್ಲವಂತೆ, ನೀರಿಗೆ ನಿಷೇಧ. ಸರ್ಕಾರಕ್ಕೆ ಒಂದಲ್ಲ ಒಂದು ಬೇಕೇನೋ. ಹೋಗಿ ಕೈಮುಗಿದು ನಿಯಮ ವಾಪಸು ತಗೊಳ್ಳಿ ಅನ್ನು.”

“ನಾನೇ ಬರೆದದ್ದು, ರೊವೀನಾ.”

“ಅದಕ್ಕೇ ಹೇಳ್ತಿರೋದು. ಬೇರೆಯವರು ಬರೆದಿದ್ರೆ ಇಷ್ಟು ಕೆಟ್ಟದಾಗಿ ಇರ್ತಿರಲಿಲ್ಲ.”

ಬರಾಗಾನ್ ಎಂದಿನಂತೆ ಪೂರ್ತಿ ಕೇಳಿಸಿಕೊಂಡರು. ನಿಯಮದಿಂದ ನೊಂದವರು ಆಕ್ಷೇಪ ಸಲ್ಲಿಸಬಹುದು, ಅದಕ್ಕೆ ಅವಕಾಶವಿದೆ ಎಂದರು. ಆದರೆ ಮೂಲ ಅರ್ಜಿದಾರರು ಹಾಜರಾಗಿ ತಮ್ಮ ನಿಯಮವನ್ನು ಸಮರ್ಥಿಸಿಕೊಳ್ಳಬೇಕು.

“ಮೂಲ ಅರ್ಜಿದಾರ ನಾನೇ.”

“ಅದು ನಿಮಗೆ ಅನುಕೂಲ. ಒಂದೇ ಗಾಡಿಯಲ್ಲಿ ಬರಬಹುದು.”

“ಅರ್ಜಿದಾರ ಬರದೇ ಇದ್ದರೆ?”

“ಅವರ ಲೈಸೆನ್ಸ್ ರದ್ದಾಗುತ್ತೆ, ಪ್ರಾಥರ್ ಅವರೇ.”

ವಿಚಾರಣೆ ನಡೆದದ್ದು ನಮ್ಮ ರೈತಸಭಾ ಭವನದಲ್ಲಿ. ವೇದಿಕೆಯ ಮುಂದೆ ಎರಡು ಕುರ್ಚಿ, ಎರಡು ನಾಮಫಲಕ: ಒಂದರ ಮೇಲೆ ‘ಅರ್ಜಿದಾರ: ಇ. ಪ್ರಾಥರ್’, ಇನ್ನೊಂದರ ಮೇಲೆ ‘ಆಕ್ಷೇಪಣೆದಾರ: ಇ. ಪ್ರಾಥರ್’. ಕುಡಿಯಲು ಲೋಟಗಳನ್ನು ಇಟ್ಟಿದ್ದರು, ಸುರಕ್ಷತೆಯ ದೃಷ್ಟಿಯಿಂದ ಖಾಲಿಯಾಗಿ. ಕಣಿವೆಯವರೆಲ್ಲ ಬಂದಿದ್ದೆವು. ಕೊನೆಯ ಸಾಲಿನಲ್ಲಿ ಸ್ಪರ್ಲಾಕ್ ಕಾಲ ಮೇಲೆ ಕಾಲು ಹಾಕಿ ಕೂತಿದ್ದ.

ಗಾಡಿಯಲ್ಲಿ ಬರುವಾಗಲೇ ರೊವೀನಾ ಹೇಳಿಕೊಟ್ಟಿದ್ದಳು. “ನೊಂದವನ ಕುರ್ಚಿಯಲ್ಲಿ ಕೂತಾಗ ಗಟ್ಟಿಯಾಗಿ ಮಾತಾಡು. ಅರ್ಜಿದಾರನ ಕುರ್ಚಿಗೆ ಹೋದಾಗ ತೊದಲು. ಮರೆತ ಹಾಗೆ ಮಾಡು. ಕೆಮ್ಮು. ಅಷ್ಟು ಸಾಕು.”

ಎಲ್ಡನ್ ಆಕ್ಷೇಪಣೆದಾರನಾಗಿ ಎದ್ದು ನಿಂತು ಚೆನ್ನಾಗಿಯೇ ಮಾತಾಡಿದ. “ಮಹನೀಯರೇ, ನೀರು ನೀರೇ. ನಾವು ಅದನ್ನ ಕುಡೀತೀವಿ, ಅದರಲ್ಲಿ ಮೀಯ್ತೀವಿ. ನಮ್ಮ ಮಕ್ಕಳಿಗೆ ಅದರಲ್ಲೇ ದೀಕ್ಷಾಸ್ನಾನ ಮಾಡಿಸಿ ಹೆಸರಿಟ್ಟಿದೀವಿ. ಹೊಳೆಯ ಪಕ್ಕದಲ್ಲಿ ಹೂ ಕಲಕಿ ಬದುಕೋ ಬಡವರಿಗೆ ಅನ್ಯಾಯ ಮಾಡಬೇಡಿ.” ಒಡೆಸ್ಸಾ ಕಣ್ಣೊರೆಸಿಕೊಂಡಳು. ಮಂಡಳಿಯ ಅಧ್ಯಕ್ಷರೂ ತಲೆದೂಗಿದರು.

ಎಲ್ಡನ್ ನಡೆದು ಇನ್ನೊಂದು ಕುರ್ಚಿಗೆ ಹೋದ. ಕೆಮ್ಮಿದ. “ಅಂದ್ರೆ... ದ್ರಾವಕ ಅನ್ನೋದು... ಏನೋ ಒಂದು ಬರೆದೆ... ಈಗ ನೆನಪಿಲ್ಲ...”

ರೊವೀನಾ ಕಣ್ಣಲ್ಲೇ ಭೇಷ್ ಎಂದಳು. ಇನ್ನೊಂದು ಕೆಮ್ಮಿಗೆ ಕೆಲಸ ಮುಗಿಯುತ್ತಿತ್ತು.

ಅಷ್ಟರಲ್ಲಿ ಅಧ್ಯಕ್ಷರು ಕನ್ನಡಕ ತೆಗೆದು, “ಅರ್ಜಿದಾರರು ಹೇಳೋದು ಇಷ್ಟೇನಾ? ಅವತ್ತು ಬಂದಾಗ ಬಹಳ ತಿಳಿದವರು ಅಂತ ನಾವು ಅಂದ್ಕೊಂಡಿದ್ವಿ,” ಎಂದರು. ಕೊನೆಯ ಸಾಲಿನಿಂದ ಸ್ಪರ್ಲಾಕ್ ನಕ್ಕದ್ದು ಕೇಳಿಸಿತು. “ಪಾಪ, ಯಾರ ಕೈಲೋ ಬರೆಸ್ಕೊಂಡು ಬಂದಿದ್ದ ಅನ್ಸುತ್ತೆ.”

ಎಲ್ಡನ್ ಬೆನ್ನು ನೆಟ್ಟಗಾಯಿತು. ರೊವೀನಾ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು.

“ಮಹನೀಯರೇ!” ಎಂದ ಎಲ್ಡನ್. ಭವನದ ಕಿಟಕಿಗಳು ಅದುರಿದವು. “ಎದುರು ಪಕ್ಷದವರು ‘ನೀರು ನೀರೇ’ ಅಂದರು. ಇದೊಂದು ವಾದವೇ? ಈ ಕಣಿವೆಯನ್ನ ಕೊರೆದದ್ದು ಯಾರು? ನೀರು! ಅಲ್ಲಿ ಕಾಣ್ತಿರೋ ಬೆಟ್ಟವನ್ನ ಅರೆದು ಅರೆದು ಕಡಲಿಗೆ ಸಾಗಿಸ್ತಿರೋದು ಯಾವುದು? ನೀರು! ಬಂಡೆಯನ್ನೇ ಕರಗಿಸಿದ್ದು ಒಂದು ಹೂವನ್ನ ಬಿಟ್ಟೀತೇ? ‘ಕುಡೀತೀವಿ’ ಅಂತಾರೆ. ವಿಸ್ಕಿಯನ್ನೂ ಕುಡೀತೀವಿ! ‘ಬಡವರು’ ಅಂತಾರೆ. ಬಡವರ ಮನೆಯಲ್ಲಿ ಸಕ್ಕರೆ ಕರಗೋದಿಲ್ಲವೇ? ಎದುರು ಪಕ್ಷದವರು ಕಣ್ಣೀರು ತರಿಸಿದರು, ಒಪ್ತೀನಿ. ಆದರೆ ಆ ಕಣ್ಣೀರಲ್ಲಿ ಉಪ್ಪು ಕರಗಿರೋದು ಹೇಗೆ ಅಂತ ಅವರನ್ನೇ ಕೇಳಿ!”

ಚಪ್ಪಾಳೆ ಬಿತ್ತು. ತಟ್ಟಿದವರು ನಾವೇ. ಒಳ್ಳೆಯ ಭಾಷಣ ಕೇಳಿದರೆ ನಮಗೆ ಕೈ ಕಟ್ಟಿಕೊಂಡು ಕೂರಲು ಬರುವುದಿಲ್ಲ.

“ಆಕ್ಷೇಪಣೆದಾರರು ಉತ್ತರ ಕೊಡಬಹುದು,” ಎಂದರು ಬರಾಗಾನ್.

ಎಲ್ಡನ್ ಮತ್ತೆ ಮೊದಲ ಕುರ್ಚಿಗೆ ನಡೆದು ಹೋಗಿ ಕೂತ. ಗಡ್ಡ ನೀವಿಕೊಂಡ. ಮೇಲೆ ನೋಡಿದ, ಕೆಳಗೆ ನೋಡಿದ. ಒಡೆಸ್ಸಾ ಸಾಲಿನಿಂದಲೇ ಪಿಸುಗುಟ್ಟಿದಳು, “ಏನಾದ್ರೂ ಹೇಳೋ!” ಅವನು ಪ್ರಾಮಾಣಿಕ ಮನುಷ್ಯ. ತುಂಬ ಹೊತ್ತು ಯೋಚಿಸಿದ ಮೇಲೆ ಹೇಳಿದ:

“ಎದುರು ಪಕ್ಷದವರ ವಾದ ಬಲವಾಗಿದೆ.”

ತೀರ್ಪು ಅರ್ಜಿದಾರರ ಕಡೆಗೆ ಆಯಿತು. ಮಂಡಳಿಯ ಸಮಯ ಹಾಳು ಮಾಡಿದ್ದಕ್ಕಾಗಿ ಸೋತವರು ಗೆದ್ದವರ ಕ್ಷಮೆ ಕೇಳತಕ್ಕದ್ದು ಎಂದು ಆದೇಶವಾಯಿತು. ಎಲ್ಡನ್ ಒಂದು ಕುರ್ಚಿಯಲ್ಲಿ ಕೂತು ಕ್ಷಮೆ ಕೇಳಿದ. ಇನ್ನೊಂದಕ್ಕೆ ಹೋಗಿ, ಸ್ವಲ್ಪ ಬಿಂಕ ಮಾಡಿ, ಕ್ಷಮಿಸಿದ.

ಹಿಂತಿರುಗುವಾಗ ಗಾಡಿ ಓಡಿಸಿದವಳು ರೊವೀನಾ. ಗಾಡಿ ಸೇತುವೆ ದಾಟಿತು.

“ಚೆನ್ನಾಗಿ ಮಾತಾಡಿದೆ ಅಲ್ವಾ?” ಎಂದ ಎಲ್ಡನ್ ಮೆಲ್ಲಗೆ.

“ಯಾವ ಕುರ್ಚಿಯಲ್ಲಿ?”

ಒಂದು ಕಡೆ ಸೋಲು ಅವನ ಕಣ್ಣ ಮುಂದಿತ್ತು, ಇನ್ನೊಂದು ಕಡೆ ಚಪ್ಪಾಳೆ ಇನ್ನೂ ಕಿವಿಯಲ್ಲಿತ್ತು. ಎರಡರಲ್ಲಿ ಯಾವುದು ತನ್ನದು ಎಂದು ಅವನಿಗೇ ತಿಳಿಯಲಿಲ್ಲ. ರೊವೀನಾ ಅವನ ಮುಖ ನೋಡಿದಳು, ರಸ್ತೆ ನೋಡಿದಳು, ಮತ್ತೆ ಅವನ ಮುಖ ನೋಡಿದಳು. ನಗು ತಡೆಯಲಾಗದೆ ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಬೇಕಾಯಿತು. ಅತ್ತೂ ನಕ್ಕೂ ಅವಳ ಮೂಗು ಕೆಂಪಾಯಿತು. ಕೊನೆಗೆ ಎಲ್ಡನ್ ಕೂಡ ನಕ್ಕ, ಯಾಕೆಂದು ಸರಿಯಾಗಿ ತಿಳಿಯದೆ.

ಹೂ ಮಾತ್ರ ಹಾಳಾಗಲಿಲ್ಲ. ನಮ್ಮ ಕೌಂಟಿಯಲ್ಲಿ ದಾರಿಯಿಲ್ಲದ ಸಮಸ್ಯೆಯಿಲ್ಲ. ವಿಚಾರಣೆಯಲ್ಲಿ ತೋರಿದ ಪಾಂಡಿತ್ಯವನ್ನು ಮೆಚ್ಚಿ ವಿಭಾಗ ಎಲ್ಡನ್‌ನನ್ನು ಗೌರವ ದ್ರಾವಕ ಸಲಹೆಗಾರನಾಗಿ ನೇಮಿಸಿತು. ಆ ಹುದ್ದೆಯ ಬಲದಿಂದ ಅವನಿಗೆ ಕೌಂಟಿಯ ಮೊದಲ ನೀರಿನ ಲೈಸೆನ್ಸ್ ಸಿಕ್ಕಿತು, ಕಣಿವೆಯವರೆಲ್ಲ ಅವನ ಗಾಜಿನ ಕೋಣೆಗೇ ಬಂದು ಸರದಿಯಲ್ಲಿ ಹೂ ಕಲಕಬಹುದೆಂದೂ ಆಯಿತು. ಹಾಗೆ ತಯಾರಾದ ರಾಳಕ್ಕೆ ‘ದ್ರಾವಕಸಹಿತ’ ಎಂದು ಚೀಟಿ ಹಚ್ಚಬೇಕಿತ್ತು. ಆ ಚೀಟಿ ಕಂಡರೆ ಯಾವ ಅಂಗಡಿಯೂ ಕೊಳ್ಳುತ್ತಿರಲಿಲ್ಲ. ಕೊಳ್ಳುತ್ತಿದ್ದವನು ಸ್ಪರ್ಲಾಕ್ ಒಬ್ಬನೇ. ಅವನು ಅದನ್ನು ಪೀಪಾಯಿಗಟ್ಟಲೆ ಒಯ್ದು, ತನ್ನ ಶುಚಿಗೊಳಿಸುವ ವಸ್ತು ಬೆರೆಸಿ, ನೂರು ಸೂಜಿಯ ಯಂತ್ರದಲ್ಲಿ ತುಂಬಿ, ‘ದ್ರಾವಕರಹಿತ’ ಎಂದು ಮಾರುತ್ತಾನೆ. ಸ್ಪರ್ಲಾಕ್‌ನ ರಾಳದ ರುಚಿ ಈಚೆಗೆ ಬಹಳ ಸುಧಾರಿಸಿದೆ ಎಂದು ಗಿರಾಕಿಗಳು ಹೇಳುವುದನ್ನು ಕೇಳಿ ಎಲ್ಡನ್‌ಗೆ ಹೆಮ್ಮೆಯೇ. ತುಂಬುವ ಕೆಲಸ ತಪ್ಪಿದ್ದರಿಂದ ರೊವೀನಾ ಈಗ ಡ್ರೈಯರಿನಲ್ಲಿ ತನ್ನ ತಲೆಗೂದಲು ಒಣಗಿಸಿಕೊಳ್ಳುತ್ತಾಳೆ.

ನಾವೂ ಹೊಂದಿಕೊಂಡೆವು. ಪಾದ್ರಿಗಳು ಮಕ್ಕಳಿಗೆ ದೀಕ್ಷಾಸ್ನಾನ ಕೊಡುವಾಗ ಒಡೆಸ್ಸಾ ಬೆಂಕಿ ಆರಿಸುವ ಒಣಪುಡಿಯ ಸಿಲಿಂಡರ್ ಹಿಡಿದು ಪಕ್ಕದಲ್ಲಿ ನಿಲ್ಲುತ್ತಾಳೆ. ನೆಂಟರು ಮನೆಗೆ ಬಂದರೆ ಮೊದಲು ಕೈಗವಸು ಕೊಟ್ಟು ಆಮೇಲೆ ನೀರು ಕೊಡುತ್ತೇವೆ. ಸಾಗರಕ್ಕೆ ಕಳಿಸಿದ ನೋಟಿಸಿಗೆ ಉತ್ತರ ಬಂದಿಲ್ಲ, ನೆನಪೋಲೆ ಹೋಗಿದೆ.

ಶರತ್ಕಾಲದ ಕೊನೆಗೆ ಒಂದು ಶನಿವಾರ ಪಶ್ಚಿಮದಲ್ಲಿ ಮೋಡ ಕಟ್ಟಿತು. ದೊಡ್ಡ ಪ್ರಮಾಣದ ದ್ರಾವಕ ಕೌಂಟಿಯೊಳಗೆ ಬರುವುದಿದ್ದರೆ ಮುಂಚಿತವಾಗಿ ಅನುಮತಿ ಪಡೆಯತಕ್ಕದ್ದು ಎಂಬ ನಿಯಮ ಎಲ್ಲರಿಗೂ ಗೊತ್ತಿತ್ತು. ಸಲಹೆಗಾರನ ನೆಲೆಯಲ್ಲಿ ಎಲ್ಡನ್ ಬರಾಗಾನ್ ಅವರ ಮನೆಗೇ ಫೋನು ಮಾಡಿದ. ಸೋಮವಾರದವರೆಗೆ ಕಚೇರಿಯಿಲ್ಲ, ಅಲ್ಲಿಯವರೆಗೆ ತಡೆಯಲು ಸಾಧ್ಯವೇ ನೋಡಿ ಎಂದರು ಅವರು. ಎಲ್ಡನ್ ಅಂಗಳಕ್ಕೆ ಬಂದು ಆಕಾಶ ನೋಡಿದ. ಸಾಧ್ಯವಾಗಲಿಲ್ಲ. ಎರಡು ದಿನ ನಾವೆಲ್ಲ ಕಿಟಕಿ ಬಾಗಿಲು ಭದ್ರಪಡಿಸಿ, ಒಲೆಗಳನ್ನು ಆರಿಸಿ, ಒಳಗೆ ಕೂತೆವು. ಸೋಮವಾರ ಬೆಳಿಗ್ಗೆ ಬರಾಗಾನ್ ಅವರು ಕಚೇರಿಗೆ ಬಂದವರೇ ಮೊದಲ ಕೆಲಸವಾಗಿ, ಸುರಿದ ಮಳೆಗೆ ಪೂರ್ವಾನ್ವಯವಾಗುವಂತೆ ಅನುಮತಿ ಕೊಟ್ಟರು. ಕಾಗದ ಕೈಗೆ ಬಂದ ಮೇಲೆ ಜನ ಹೊರಗೆ ಬಂದು ಧೈರ್ಯವಾಗಿ ನೆನೆದರು.

ಎಲ್ಡನ್ ಅನುಮತಿಯ ಪ್ರತಿಯನ್ನು ಊರ ಅಂಗಡಿಯ ಬಾಗಿಲಿಗೆ ಅಂಟಿಸಲು ಹೋದ. ಒಡೆಸ್ಸಾ ಅಲ್ಲಿ ಕಾಫಿ ಕುಡಿಯುತ್ತ ಕೂತಿದ್ದಳು, ಕೈಗವಸು ಹಾಕಿಕೊಂಡು.

“ಪಕ್ಕದ ಕೌಂಟಿಯಲ್ಲೂ ಶನಿವಾರದಿಂದ ಸುರೀತಿದೆಯಂತೆ ಕಣೋ,” ಎಂದಳು.

“ಅನುಮತಿ ತಗೊಂಡಿದಾರಾ?”

“ಎಲ್ಲಿಂದ ಬಂತು! ಸುಮ್ನೆ ಸುರೀತಿದೆ.”

“ಯಾರೂ ಏನೂ ಕೇಳ್ತಿಲ್ವಾ?”

“ಯಾರೂ ಇಲ್ಲ.”

ಎಲ್ಡನ್ ಅಂಟಿಸುವುದನ್ನು ನಿಲ್ಲಿಸಿ, ಪೂರ್ವದ ಬೆಟ್ಟದ ಕಡೆ ನೋಡಿ, ಮರುಕದಿಂದ ತಲೆಯಾಡಿಸಿದ. “ಅಂಥ ಕಡೆ ಜನ ಅದು ಹೇಗೆ ಬದುಕ್ತಾರೋ, ಪಾಪ.”